ದೋಷವಿಲ್ಲದ ಗೇರು

೧೯೭೯ರಲ್ಲಿ ನಾನು ಶಿರಾದ ಹೆದ್ದಾರಿ ಪಕ್ಕದಲ್ಲಿ ವಾಹನ ರಿಪೇರಿಯ ವರ್ಕ್‌ಶಾಪ್ ಇಟ್ಟುಕೊಂಡಿದ್ದೆ. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ಬಸ್ ಡಿಪೋ ಒಂದರಲ್ಲಿ ಕೆಲವು ವರ್ಷ ಬಸ್ಸುಗಳ ಕೆಳಗೆ ಮಲಗಿ ಕೆಲಸ ಕಲಿತು, ಮೇಲಿನವರ ಜೊತೆ ಜಗಳ ಮಾಡಿಕೊಂಡು ಹೊರಬಿದ್ದವನು ನಾನು. ನನಗೆ ಕೈಕೆಲಸ ಚೆನ್ನಾಗಿ ಬರುತ್ತದೆ, ನಾಲಿಗೆ ಮಾತ್ರ ಹಿಡಿತದಲ್ಲಿಲ್ಲ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯ ಲಾರಿ, ಟ್ರ್ಯಾಕ್ಟರು, ಟ್ಯಾಕ್ಸಿಗಳೆಲ್ಲ ನನ್ನಲ್ಲಿಗೇ ಬರುತ್ತಿದ್ದವು. ನಿವೃತ್ತನಾಗುವವರೆಗೆ ಎಷ್ಟು ಗಾಡಿ ರಿಪೇರಿ ಮಾಡಿದೆನೋ ಲೆಕ್ಕವಿಲ್ಲ. ಆದರೆ "ನಿಮ್ಮ ಸರ್ವೀಸಿನಲ್ಲಿ ಮರೆಯಲಾಗದ ಕೆಲಸ ಯಾವುದು" ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಒಂದು ಕೆಂಪು ಕಾರು, ಅದರ ಗೇರು. ನೆನಪಾದರೆ ಬಾಯಿ ಕಹಿಯಾಗುತ್ತದೆ.

ಕಾರು ಮಧುಗಿರಿಯ ನಾಗಭೂಷಣನದು. ಅವನ ತಂದೆ ಕಡಲೆಕಾಯಿ ಎಣ್ಣೆ ಮಿಲ್ಲು ನಡೆಸುತ್ತಿದ್ದರು. ಊರವರಿಗೆಲ್ಲ ಅವರು ದೊಡ್ಡ ಯಜಮಾನರು. ಕೈಯಾರೆ ಮೂಟೆ ಹೊತ್ತು ಮೇಲೆ ಬಂದ ಮನುಷ್ಯ, ಒಂದು ತೊಟ್ಟು ಎಣ್ಣೆ ನೆಲಕ್ಕೆ ಬಿದ್ದರೂ ಬೆರಳಿನಲ್ಲಿ ಒರೆಸಿ ತಲೆಗೆ ಹಚ್ಚಿಕೊಳ್ಳುವವರು. ಮಗನಿಗೆ ಮಾತ್ರ ಶೋಕಿ. ಬೆಂಗಳೂರಿನಲ್ಲಿ ಯಾರೋ ವಿದೇಶದಿಂದ ತರಿಸಿ ಓಡಿಸಿ ಬಿಟ್ಟಿದ್ದ, ಎರಡೇ ಸೀಟಿನ, ಮೇಲೆ ಬಟ್ಟೆಯ ಹೊದಿಕೆಯ ಸ್ಪೋರ್ಟ್ಸ್ ಕಾರನ್ನು ಕೊಂಡು ತಂದಿದ್ದ. ನಮ್ಮ ಸೀಮೆಯ ರಸ್ತೆಗೆ ಅದು ಕೋಣನ ಗಾಡಿಗೆ ಜರಿ ಪೇಟ ಸುತ್ತಿದ ಹಾಗಿತ್ತು. ನಾಗಭೂಷಣ ಕುಳ್ಳ, ಕಾರೂ ಕುಳ್ಳ. ಅವನು ಅದರಲ್ಲಿ ಕೂತು ಬಂದರೆ ಜೋಡಿ ಚೆನ್ನಾಗಿಯೇ ಕಾಣುತ್ತಿತ್ತು.

ಕಾರಿನ ಜೊತೆ ಯಾವಾಗಲೂ ಜುಂಜಣ್ಣ ಬರುತ್ತಿದ್ದ. ಶಿರಾ ಕಡೆಯ ಒಂದು ಗೊಲ್ಲರಹಟ್ಟಿಯವನು, ಕುರಿ ಕಾಯುವ ಮನೆತನ. ಹಟ್ಟಿಯಲ್ಲಿ ಡ್ರೈವಿಂಗ್ ಲೈಸೆನ್ಸ್ ಪಡೆದ ಮೊದಲನೆಯ ಮನುಷ್ಯ ಅವನೇ. ಮಿಲ್ಲಿನ ಲಾರಿಯಲ್ಲಿ ಕ್ಲೀನರ್ ಆಗಿ ಸೇರಿದವನಿಗೆ ದೊಡ್ಡ ಯಜಮಾನರೇ ಸ್ಟಿಯರಿಂಗ್ ಹಿಡಿಯಲು ಬಿಟ್ಟು ಕಲಿಸಿದ್ದರು. ಆಳೆಂದರೆ ಆಳು, ಬಾಗಿಲಿಗೆ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರ. ಆ ಪುಟ್ಟ ಕಾರಿನ ಪಕ್ಕದ ಸೀಟಿನಲ್ಲಿ ಮಂಡಿಯನ್ನು ಎದೆಗೆ ತಾಗಿಸಿಕೊಂಡು ಕೂರುತ್ತಿದ್ದ. ಕೆಟ್ಟು ನಿಂತರೆ ತಳ್ಳಲು ಒಬ್ಬ ಬೇಕಲ್ಲ, ಅದಕ್ಕೆ ಅವನು.

ಮಿಲ್ಲಿನ ಲಾರಿಗಳಿಗೆ ದೊಡ್ಡ ಯಜಮಾನರದೊಂದು ಕಟ್ಟಳೆಯಿತ್ತು. ಇಳಿಜಾರು ಬಂದ ಕೂಡಲೇ ಗೇರನ್ನು ನ್ಯೂಟ್ರಲ್‌ಗೆ ತಂದು ಗಾಡಿಯನ್ನು ತಾನಾಗಿ ಉರುಳಲು ಬಿಡಬೇಕು, ಡೀಸೆಲ್ ಉಳಿಸಬೇಕು. ನ್ಯೂಟ್ರಲ್ ಎಂದರೆ ಎಂಜಿನ್ನಿಗೂ ಚಕ್ರಕ್ಕೂ ನಡುವಿನ ಸಂಬಂಧ ಕಡಿದ ಸ್ಥಿತಿ. ಗೇರಿನಲ್ಲಿದ್ದರೆ ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು ನಿಧಾನ ಮಾಡುತ್ತದೆ. ನ್ಯೂಟ್ರಲ್‌ನಲ್ಲಿ ಬ್ರೇಕೊಂದೇ ಗತಿ. ನಮ್ಮ ಕಡೆಯ ಬಹಳ ಮಂದಿ ಡ್ರೈವರುಗಳು ಹೀಗೆ ಮಾಡುತ್ತಿದ್ದರು. ಆ ಮಿಲ್ಲಿನಲ್ಲಿ ಅದನ್ನು ಒಪ್ಪದಿದ್ದವನು ಜುಂಜಣ್ಣನೊಬ್ಬನೇ. "ಗಾಡಿ ಕೈಯಾಗಿರ್ಬೇಕು ಸಾರ್, ಬುಗುರಿ ಬುಟ್ಟಂಗೆ ಬುಡಕ್ಕಾಯ್ತದಾ" ಎನ್ನುತ್ತಿದ್ದ. ಅವನ ಲಾರಿ ಡೀಸೆಲ್ ಜಾಸ್ತಿ ಕುಡಿಯುತ್ತದೆ ಎಂದು ಬೈಸಿಕೊಳ್ಳುತ್ತಿದ್ದ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕಾರಿನ ತೊಂದರೆ ಗೇರ್ ಲಿಂಕೇಜಿನಲ್ಲಿತ್ತು. ಚಾಲಕನ ಕೈಯಲ್ಲಿರುವ ಲಿವರು ಗೇರ್‌ಬಾಕ್ಸಿನ ಹಲ್ಲುಚಕ್ರಗಳನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಒಂದು ರಾಡು ಇರುತ್ತದೆ. ರಾಡಿನ ತುದಿಗಳಲ್ಲಿ ಪಿನ್ನು, ಪಿನ್ನು ಕೂರಲು ಉಂಗುರದಂಥ ಬುಷ್ಷು. ಮೇಲೆ ಕೈ ಹೇಳಿದ್ದನ್ನು ಕೆಳಗೆ ತಲುಪಿಸುವ ಈ ಜೋಡಣೆಗೆ ಲಿಂಕೇಜ್ ಎನ್ನುತ್ತಾರೆ. ಈ ಕಾರಿನ ಬುಷ್ಷುಗಳು ಸವೆದು ಹೋಗಿ ಲಿವರು ನಿಂತ ಜಾಗದಲ್ಲೇ ಅತ್ತಿತ್ತ ಓಲಾಡುತ್ತಿತ್ತು. ಎರಡನೆಯ ಗೇರು ಹುಡುಕಿದರೆ ನಾಲ್ಕನೆಯದು ಸಿಗುತ್ತಿತ್ತು. ನಾಗಭೂಷಣನಿಗೆ ಅದನ್ನು ರಿಪೇರಿ ಮಾಡಿಸಿದರೆ ಸಾಲದು, ಮೇಲ್ದರ್ಜೆಗೆ ಏರಿಸಬೇಕು. ರೇಸಿನ ಕಾರಿನ ಹಾಗೆ ಲಿವರನ್ನು ಮಣಿಕಟ್ಟಿನಲ್ಲಿ ಒತ್ತಿದರೆ ಸಾಕು, ಗೇರು ಬೀಳಬೇಕು.

ವಿದೇಶದ ಬಿಡಿಭಾಗ ನಮಗೆಲ್ಲಿ ಸಿಗಬೇಕು? ಶಿರಾದ ಪೇಟೆಯಲ್ಲಿ ಲೋಹ ಕಡೆದು ಬಿಡಿಭಾಗ ಮಾಡುವ ಖಲೀಲ್ ಸಾಬರ ಲೇತ್ ಅಂಗಡಿ ಇತ್ತು. ಟರ್ನರ್ ಕೆಲಸದಲ್ಲಿ ಅಷ್ಟು ಗಟ್ಟಿಗ, ಅಷ್ಟೇ ಜಂಬದ ಮನುಷ್ಯ. ತಾನು ಮಾಡಿದ ಸಾಮಾನನ್ನು ಗಿರಾಕಿಗೆ ಕೊಡುವ ಮೊದಲು ಅಂಗಡಿಯ ಮುಂದೆ ಹೋಗಿಬರುವವರಿಗೆಲ್ಲ ತೋರಿಸಿ, "ಕೈಸಾ ಹೈ?" ಎಂದು ಕೇಳಿ, ಹೊಗಳಿಕೆ ವಸೂಲಿ ಮಾಡಿಯೇ ಬಿಡುತ್ತಿದ್ದರು. ನನಗೂ ಅವರಿಗೂ ವಾರಕ್ಕೊಂದು ಜಗಳ. ಆದರೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯುತ್ತಿರಲಿಲ್ಲ.

ನಾನು ನಕ್ಷೆ ಬರೆದೆ. ಲಿವರು ಬಾಗುವ ಕೀಲನ್ನು ಸ್ವಲ್ಪ ಮೇಲಕ್ಕೆ ತಂದೆ. ಹಾಗೆ ಮಾಡಿದರೆ ಕೈ ಓಡಾಡುವ ದೂರ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಒತ್ತಲು ತುಸು ಜಾಸ್ತಿ ಬಲ ಬೇಕಾಗುತ್ತದೆ. ಖಲೀಲ್ ಸಾಬರು ಕಂಚಿನಲ್ಲಿ ಹೊಸ ಬುಷ್ಷುಗಳನ್ನು ಮಾಡಿದರು. ಪಿನ್ನಿಗೆ ಲಾರಿಯ ಹಳೆಯ ಆಕ್ಸಲ್ಲಿನ ತುಂಡನ್ನು ಕಾಯಿಸಿ ಮೆತ್ತಗೆ ಮಾಡಿ, ಲೇತಿಗೆ ಹಿಡಿದು, ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದರು. ಎಲ್ಲ ಜೋಡಿಸಿದ ಮೇಲೆ ಜುಂಜಣ್ಣನನ್ನು ಕರೆದು ನೋಡು ಎಂದೆವು. ಅವನು ಕಾರಿನ ಹೊರಗೆ ನಿಂತು ಬಗ್ಗಿ, ಲಿವರನ್ನು ಒಂದೊಂದೇ ಗೇರಿಗೆ ಹಾಕಿ ನೋಡಿದ. "ಬೆಣ್ಣೆಯಾಗೆ ಚಾಕು ಇಕ್ಕಿದಂಗೈತೆ ಕಣಣ್ಣೋ!" ಎಂದ. ಖಲೀಲ್ ಸಾಬರು ಅಂದು ಬೀದಿಗೆಲ್ಲ ಚಹಾ ಕೊಡಿಸಿದರು.

ಕಾರು ತೆಗೆದುಕೊಂಡು ಹೋಗುವ ದಿನ ನಾನು ನಾಗಭೂಷಣನಿಗೆ ಒಂದು ಮಾತು ಹೇಳಿದೆ. "ಗೇರು ಹೊಸದು, ಬ್ರೇಕು ಹಳೆಯದು. ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಸಿ. ಮಿಲ್ಲಿನ ಚಾಳಿ ಇಲ್ಲಿ ಬೇಡ." ಅವನು ನಕ್ಕ. ಪಾವಗಡದಲ್ಲಿ ಗೆಳೆಯರಿಗೆ ಕಾರು ತೋರಿಸಬೇಕು ಎಂದು ಸ್ಟಿಯರಿಂಗ್ ಹಿಡಿದು ಹೊರಟ. ಜುಂಜಣ್ಣ ಪಕ್ಕದಲ್ಲಿ ಮಂಡಿ ಮಡಚಿ ಕೂತಿದ್ದ.

ಮಧುಗಿರಿ ದಾಟಿ, ಮಿಡಿಗೇಶಿಯ ಆಚೆ ಒಂದು ಇಳಿಜಾರಿನಲ್ಲಿ ಕಾರು ಎದುರಿನಿಂದ ಏರಿ ಬರುತ್ತಿದ್ದ ಹುಣಸೆಹಣ್ಣಿನ ಎತ್ತಿನಗಾಡಿಗೆ ಗುದ್ದಿತು. ಒಂದು ಎತ್ತು ಸ್ಥಳದಲ್ಲೇ ಸತ್ತಿತು. ಗಾಡಿ ಹೊಡೆಯುತ್ತಿದ್ದ ಕೆಂಚಪ್ಪ ಎಂಬವನ ಕಾಲು ನೊಗದ ಕೆಳಗೆ ಸಿಕ್ಕಿ ನಜ್ಜುಗುಜ್ಜಾಯಿತು. ಆಮೇಲೆ ಆಸ್ಪತ್ರೆಯಲ್ಲಿ ಅದನ್ನು ಮಂಡಿಯ ಕೆಳಗೆ ಕತ್ತರಿಸಬೇಕಾಯಿತು. ಕೆಂಚಪ್ಪನನ್ನು ಎಳೆದು ತೆಗೆದು, ಹೆಗಲಿಗೆ ಹಾಕಿಕೊಂಡು ಓಡಿ, ಬಸ್ಸು ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದವನು ಜುಂಜಣ್ಣ. ನಾಗಭೂಷಣ ಅಷ್ಟರಲ್ಲಿ ಯಾವುದೋ ಲಾರಿ ಹತ್ತಿ ಮನೆ ಸೇರಿದ್ದ. ಸಂಜೆಯ ಹೊತ್ತಿಗೆ ಠಾಣೆಯಲ್ಲಿ ಬರೆದದ್ದು ಹೀಗೆ: ಕಾರು ಓಡಿಸುತ್ತಿದ್ದವನು ಡ್ರೈವರ್ ಜುಂಜಣ್ಣ.

ಇದು ನಮ್ಮ ಕಡೆ ಹೊಸದೇನಲ್ಲ. ಮಾಲೀಕರ ಮನೆಯವರು ಗುದ್ದಿದರೆ ಡ್ರೈವರ್ ಹೋಗಿ ಠಾಣೆಯಲ್ಲಿ ನಿಲ್ಲುವುದು ಪದ್ಧತಿಯೇ ಆಗಿತ್ತು. ಸಂಬಳದ ಜೊತೆಗೆ ಅದೂ ಒಂದು ಕೆಲಸ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಮಾರನೆಯ ದಿನ ನಾಗಭೂಷಣ ನನ್ನ ವರ್ಕ್‌ಶಾಪಿಗೆ ಬಂದ. ಹಣೆಯ ಮೇಲೆ ಸಣ್ಣ ಪಟ್ಟಿ. "ವಾಹನ ನಿರೀಕ್ಷಕರು ಕಾರು ನೋಡೋಕೆ ಬರ್ತಾರೆ. ಕೆಲಸ ಮಾಡಿದವರು ನೀವು ಅಂತ ನಿಮ್ಮನ್ನೂ ಕರೆಸ್ತಾರೆ. ಹೊಸ ಲಿಂಕೇಜ್ ಕಚ್ಚಿಕೊಂಡಿತ್ತು, ಗೇರು ಬೀಳಲಿಲ್ಲ ಅಂತ ಒಂದು ಮಾತು ಹೇಳಿಬಿಡಿ. ಜುಂಜಣ್ಣನೂ ಬಚಾವಾಗ್ತಾನೆ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಗುದ್ದಿದವನು ನೀನು, ಜೈಲು ಅವನಿಗೆ, ಕೆಟ್ಟ ಹೆಸರು ಖಲೀಲ್ ಸಾಬರಿಗೆ. ನಿನಗೇನಪ್ಪ, ಪಟ್ಟಿಯೊಂದೇ ತಾನೆ?" ಎಂದೆ. ಅವನು ತಲೆ ತಗ್ಗಿಸಿ ಹೊರಟುಹೋದ.

ಖಲೀಲ್ ಸಾಬರಿಗೆ ಸುದ್ದಿ ಮುಟ್ಟಿತು. ಅಂಗಡಿ ಬಿಟ್ಟು ನನ್ನಲ್ಲಿಗೆ ಓಡಿಬಂದರು. "ನಮ್ದು ಪಿನ್ ಖರಾಬ್ ಅಂತ ಸರ್ಕಾರ್ ಕಾಗದ್‌ದಾಗೆ ಬಂದ್ರೆ ನನ್ನ ಇಜ್ಜತ್ ಹೋಯ್ತು ಸಾಬ್. ಅದೊಂದೇ ನಂದು ಆಸ್ತಿ" ಎಂದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ಆ ಮನುಷ್ಯನಿಗೆ ಗಾದೆಯಲ್ಲ, ನಿತ್ಯದ ಅನ್ನ. ನಾನು ಅವರಿಗೆ ಮಾತು ಕೊಟ್ಟೆ. ನಿಜವನ್ನೇ ಹೇಳುತ್ತೇನೆ, ಪೂರ್ತಿ ಹೇಳುತ್ತೇನೆ. ಅದರಿಂದ ನಿಮ್ಮ ಮಾನವೂ ಉಳಿಯುತ್ತದೆ, ಜುಂಜಣ್ಣನೂ ಉಳಿಯುತ್ತಾನೆ ಎಂದೆ. ಹಾಗೆಂದು ನಾನು ಮನಸಾರೆ ನಂಬಿದ್ದೆ.

ಜಾಮೀನಿನ ಮೇಲೆ ಹೊರಗಿದ್ದ ಜುಂಜಣ್ಣನನ್ನು ಹುಡುಕಿಕೊಂಡು ಹಟ್ಟಿಗೆ ಹೋದೆ. ಓಡಿಸಿದವನು ನೀನಲ್ಲ ಎಂದು ಹೇಳು, ಮಿಕ್ಕಿದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಮಾತಿಗೆ ತಲೆಯಾಡಿಸಿದಳು. ಅವನು ಮಾತ್ರ ನೆಲ ನೋಡುತ್ತಾ ಕೂತ.

"ಕೈಗೆ ಇಸ್ಟೇರಿಂಗ್ ಕೊಟ್ಟ ದಿನ ದೊಡ್ಡ ಯಜಮಾನ್ರು ನನ್ ಕೈಲಿ ಭಾಷೆ ಇಸ್ಕಂಡವ್ರೆ ಸಾರ್. ನಮ್ ಮನೆ ಮಾನ ಕಾಯ್ಬೇಕು ಕಣ್ಲಾ ಅಂದ್ರು. ನಿನ್ನೆ ಕಾಯಿಲೆ ಬಿದ್ದು ಮಂಚದ್ ಮ್ಯಾಲೆ ಮಲಗ್ಕಂಡೇ ಅದುನ್ನ ಜ್ಞಾಪಿಸಿದ್ರು. ನಾ ಹೆಂಗ್ ಮೀರ್ಲಿ?"

"ನಿನ್ನ ಮಾನ?"

"ನಮ್ದೇನೈತೆ ಬುಡಿ ಸಾರ್. ಜೈಲಿಂದ ಬಂದ್ ಮ್ಯಾಕೆ ನಾ ಓಡ್ಸೋ ಲಾರೀನ ನನ್ ಹೆಸ್ರಿಗೇ ಮಾಡ್ಕೊಡ್ತೀನಿ ಅಂದವ್ರೆ."

ತಪಾಸಣೆ ಠಾಣೆಯ ಆವರಣದಲ್ಲಿ ನಡೆಯಿತು. ಕಾರನ್ನು ಒಂದು ಹೊಂಗೆಮರದ ಕೆಳಗೆ ತಂದು ನಿಲ್ಲಿಸಿದ್ದರು. ನಿರೀಕ್ಷಕರು ಕೆಟ್ಟವರೇನಲ್ಲ, ಓದಿದವರು, ಕೆಲಸ ಬಲ್ಲವರು. ಲಿವರು ನ್ಯೂಟ್ರಲ್‌ನಲ್ಲಿ ನಿಂತಿತ್ತು. ಡಿಕ್ಕಿಯ ರಭಸಕ್ಕೆ ಡ್ಯಾಶ್‌ಬೋರ್ಡಿನ ಕೆಳಗಿನ ತಗಡು ಬಗ್ಗಿ ಬಂದು ಅದನ್ನು ಆ ಜಾಗದಲ್ಲೇ ಅದುಮಿ ಹಿಡಿದಿತ್ತು. ಅಂದರೆ ಗುದ್ದಿದ ಕ್ಷಣದಲ್ಲಿ ಕಾರು ನ್ಯೂಟ್ರಲ್‌ನಲ್ಲಿತ್ತು. ಆಮೇಲೆ ಯಾರೂ ಅಲುಗಿಸಿರಲು ಸಾಧ್ಯವಿಲ್ಲ. ನಾನು ತಗಡನ್ನು ಬಗ್ಗಿಸಿ ಬಿಡಿಸಿದೆ. ನಿರೀಕ್ಷಕರು ತಾವೇ ಕೈ ಹಾಕಿ ನೋಡಿದರು. ಒಂದು, ಎರಡು, ಮೂರು, ನಾಲ್ಕು, ರಿವರ್ಸು. ಎಲ್ಲವೂ ಮೆತ್ತಗೆ ಬಿದ್ದವು. ಅವರ ಮುಖದಲ್ಲಿ ಮೆಚ್ಚುಗೆ ಕಾಣಿಸಿತು. "ಇದನ್ನು ಎಲ್ಲಿ ಮಾಡಿಸಿದಿರಿ?" ಎಂದರು. ಗೇಟಿನ ಹೊರಗೆ ನಿಂತಿದ್ದ ಖಲೀಲ್ ಸಾಬರನ್ನು ತೋರಿಸಿದೆ.

ಸತ್ಯ ಇಷ್ಟೇ. ಶೋಕಿಗೆ ಸ್ಪೋರ್ಟ್ಸ್ ಕಾರು ಕೊಂಡವನು ಅಪ್ಪನ ಲಾರಿಗಳಲ್ಲಿ ಕೂತು ಬೆಳೆದವನು. ಇಳಿಜಾರು ಕಂಡ ಕೂಡಲೇ ಅವನ ಕೈ ತಾನಾಗಿ ಗೇರನ್ನು ನ್ಯೂಟ್ರಲ್‌ಗೆ ತಂದಿತು. ಉರುಳಿ ವೇಗ ಹಿಡಿದ ಕಾರನ್ನು ಬ್ರೇಕೊಂದೇ ತಡೆಯಲಾರದೆ ಹೋಯಿತು. ಲೋಟದಷ್ಟು ಪೆಟ್ರೋಲು ಉಳಿಸಲು ಹೋಗಿ ಒಬ್ಬನ ಕಾಲು ತೆಗೆದ.

ನಾನು ಅಷ್ಟಕ್ಕೆ ನಿಲ್ಲಿಸಲಿಲ್ಲ. "ಇನ್ನೊಂದು ವಿಷಯ ನೋಡಿ ಸಾರ್" ಎಂದು ಚಾಲಕನ ಸೀಟನ್ನು ತೋರಿಸಿದೆ. ಅದು ತನ್ನ ಹಳಿಯ ಮೇಲೆ ಪೂರಾ ಮುಂದಕ್ಕಿತ್ತು, ಕೊಂಡಿ ತನ್ನ ಹಲ್ಲಿನಲ್ಲಿ ಸರಿಯಾಗಿ ಕೂತಿತ್ತು, ನೆಲ ಬಗ್ಗಿದ್ದರಿಂದ ಹಿಂದಕ್ಕೆ ಸರಿಯುತ್ತಿರಲಿಲ್ಲ. ಅಂದರೆ ಡಿಕ್ಕಿಗೆ ಮೊದಲೇ ಕುಳ್ಳನೊಬ್ಬ ಅದನ್ನು ತನಗೆ ಬೇಕಾದಂತೆ ಹೊಂದಿಸಿಕೊಂಡಿದ್ದ. "ಈ ಸೀಟಿನಲ್ಲಿ ಜುಂಜಣ್ಣ ಕೂತು ಓಡಿಸಬಲ್ಲನೇ ನೋಡಿ. ಅವನು ಜನ್ಮದಲ್ಲಿ ಗಾಡಿಯನ್ನು ನ್ಯೂಟ್ರಲ್ ಬಿಟ್ಟವನಲ್ಲ. ನನ್ನ ವರ್ಕ್‌ಶಾಪಿನಿಂದ ಕಾರು ಓಡಿಸಿಕೊಂಡು ಹೋದವನು ನಾಗಭೂಷಣ, ನಾನು ಕಣ್ಣಾರೆ ಕಂಡಿದ್ದೇನೆ" ಎಂದೆ.

ಠಾಣೆಯ ಅಧಿಕಾರಿ ಅಡ್ಡ ಬಂದರು. "ನೀವು ಕಂಡಿದ್ದು ಶಿರಾದಲ್ಲಿ. ನಡುದಾರಿಯಲ್ಲಿ ಬದಲಾಯಿಸಿಕೊಂಡಿರಬಹುದು" ಎಂದರು. ಆದರೂ ನಿರೀಕ್ಷಕರು ಜುಂಜಣ್ಣನನ್ನು ಕರೆದು ಕೂರಲು ಹೇಳಿದರು.

ಅವನು ಒಂದು ಕಾಲು ಒಳಗಿಟ್ಟ. ಮೈ ಮಡಚಿ, ತಲೆ ಬಗ್ಗಿಸಿ, ಹೇಗೋ ತುರುಕಿಕೊಂಡ. ಮಂಡಿಗಳು ಸ್ಟಿಯರಿಂಗಿನ ಎರಡೂ ಕಡೆ ಕಿವಿಯ ಮಟ್ಟಕ್ಕೆ ಎದ್ದು ನಿಂತವು. ಕಾಲು ಬ್ರೇಕಿನ ಮೇಲೆ ನೆಟ್ಟಗೆ ಇಡಲು ಬರಲಿಲ್ಲ. ಇಬ್ಬರು ಪೇದೆಗಳು ಮುಖ ತಿರುಗಿಸಿ ನಕ್ಕರು. ನಾಗಭೂಷಣ ಹೊಂಗೆಮರದ ಎಲೆಗಳನ್ನು ನೋಡುತ್ತಿದ್ದ.

ನಿರೀಕ್ಷಕರು ಕೇಳಿದರು, "ನಿಜ ಹೇಳು. ಓಡಿಸುತ್ತಿದ್ದವನು ನೀನೇನಾ?"

ಜುಂಜಣ್ಣ ನನ್ನ ಕಡೆ ನೋಡಲಿಲ್ಲ. "ಹೂ ಸಾಮಿ, ನಾನೇ. ಇಂಗೇ ಕುಂತ್ಕಂಡು ಓಡುಸ್ದೆ" ಎಂದ.

"ಗೇರು ನ್ಯೂಟ್ರಲ್ ಮಾಡಿದವನು?"

ಅವನ ಕೈ ಒಮ್ಮೆ ಲಿವರಿನ ಮೇಲೆ ಹೋಗಿ ಹಿಂದೆ ಬಂತು. ಆ ಪ್ರಶ್ನೆ ಮಿಕ್ಕದ್ದಕ್ಕಿಂತ ಜಾಸ್ತಿ ಚುಚ್ಚಿತೆಂದು ನನಗೆ ಗೊತ್ತಾಯಿತು. "ಅದೂ ನಾನೇ ಸಾಮಿ" ಎಂದ.

ನಾನು ಕೂಗಾಡಿದೆ. ನಿರೀಕ್ಷಕರು ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ, "ನನಗೆ ಕೇಳಿರುವುದು ವಾಹನದಲ್ಲಿ ದೋಷವಿತ್ತೇ ಎಂದು. ದೋಷವಿಲ್ಲ. ಅದನ್ನು ಬರೆಯುತ್ತೇನೆ. ಯಾರು ಓಡಿಸಿದರು ಎಂಬುದು ನನ್ನ ಕೆಲಸವಲ್ಲ, ಅವನೇ ಒಪ್ಪಿದ್ದಾನಲ್ಲ" ಎಂದರು. ನಾನು ಆ ದಿನ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಕೆಲಸ. ವರದಿಯಲ್ಲಿ ಸೀಟಿನ ಮಾತೇ ಬರಲಿಲ್ಲ. ಗೇರ್ ಲಿಂಕೇಜ್ ಉತ್ತಮ ಸ್ಥಿತಿಯಲ್ಲಿದೆ, ಕೆಲಸದ ಗುಣಮಟ್ಟ ಮೆಚ್ಚತಕ್ಕದ್ದು, ಚಾಲಕ ಇಳಿಜಾರಿನಲ್ಲಿ ವಾಹನವನ್ನು ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದೇ ಅಪಘಾತಕ್ಕೆ ಕಾರಣ, ಎಂದಿತ್ತು. ನಾನು ಹೇಳಿದ ನಿಜದಲ್ಲಿ ಅರ್ಧವನ್ನು ತೆಗೆದುಕೊಂಡರು. ಆ ಅರ್ಧ ಜುಂಜಣ್ಣನ ಕತ್ತಿಗೆ ಬಿತ್ತು.

ಕೋರ್ಟಿನಲ್ಲಿ ನನ್ನ ಹೇಳಿಕೆಯೂ ಆಯಿತು. ನಾನು ಸೀಟಿನ ಮಾತು ಎತ್ತಿದೆ; ವಕೀಲರು, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದರು. ಆಮೇಲೆ ಕೆಂಚಪ್ಪನನ್ನು ಊರುಗೋಲಿನ ಮೇಲೆ ಕರೆತಂದರು. ಪಾವಗಡದ ಕಡೆಯ ತೆಲುಗು ಮನೆಮಾತಿನ ಮನುಷ್ಯ. ಕಾರಿನಲ್ಲಿ ಯಾರನ್ನು ಕಂಡೆ ಎಂದು ಕೇಳಿದರು. "ಅಯ್ಯೋ ದೇವುಡಾ ಅಂತ ಕಣ್ಣು ಬಿಟ್ರೆ ಈಯಪ್ಪ ಒಬ್ನೇ ಇದ್ದ ಸಾಮಿ. ನನ್ನ ಎತ್ಕೊಂಡು ಓಡಿದ್ದು ಈಯಪ್ಪನೇ" ಎಂದು ಜುಂಜಣ್ಣನಿಗೆ ಕೈ ಮುಗಿದ. ಅವನು ಕೃತಜ್ಞತೆಯಿಂದ ಹೇಳಿದ ಆ ಮಾತೇ ಗುರುತು ಹಿಡಿದ ಸಾಕ್ಷಿಯಾಯಿತು. ಓಡಿಹೋಗದೆ ನಿಂತವನು ಒಬ್ಬನೇ ಆದ್ದರಿಂದ ಅಪರಾಧಿಯೂ ಅವನೊಬ್ಬನೇ ಆದ. ಆರು ತಿಂಗಳ ಶಿಕ್ಷೆಯಾಯಿತು. ಲೈಸೆನ್ಸ್ ರದ್ದಾಯಿತು.

ಅವನು ಒಳಗಿದ್ದಾಗಲೇ ದೊಡ್ಡ ಯಜಮಾನರು ತೀರಿಕೊಂಡರು. ಹೊರಬಂದ ಜುಂಜಣ್ಣನಿಗೆ ನಾಗಭೂಷಣ ಹೇಳಿದ್ದು ಇಷ್ಟು: "ಲೈಸೆನ್ಸ್ ಇಲ್ಲದವನಿಗೆ ಲಾರಿ ಯಾಕೆ?" ಮಿಲ್ಲಿನಲ್ಲಿ ಮೂಟೆ ಹೊರುವ ಕೆಲಸ ಕೊಡುತ್ತೇನೆಂದನಂತೆ. ಜುಂಜಣ್ಣ ಹಟ್ಟಿಗೆ ಹೋದ.

ಕಾರನ್ನು ನಾಗಭೂಷಣ ರಿಪೇರಿ ಮಾಡಿಸಿ ಬೆಂಗಳೂರಿನವರೊಬ್ಬರಿಗೆ ಮಾರಿದ. ಮಾರುವಾಗ ಆ ವರದಿಯ ಪ್ರತಿಯನ್ನು ತೋರಿಸಿ, "ಗೇರಿಗೆ ಸರ್ಕಾರದ ಸರ್ಟಿಫಿಕೇಟೇ ಇದೆ" ಎಂದನಂತೆ. ಸುದ್ದಿ ಹಬ್ಬಿತು. ಖಲೀಲ್ ಸಾಬರ ಲೇತಿಗೆ ತುಮಕೂರಿನಿಂದಲೂ ಕೆಲಸ ಬರತೊಡಗಿತು. ಆದರೆ ಅವರು ಸಾಮಾನು ತೋರಿಸಿ ಹೊಗಳಿಸಿಕೊಳ್ಳುವುದನ್ನು ಬಿಟ್ಟುಬಿಟ್ಟರು. ಯಾಕೆಂದು ಕೇಳಿದೆ. "ಆ ಬಡಪಾಯಿ ಜೈಲಿಗೆ ಹೋದ್ದಕ್ಕೆ ನಮ್ದು ಅಂಗಡಿ ನಡೀತಾ ಐತೆ ಸಾಬ್. ಯಾವ ಬಾಯಿಂದ ಕೈಸಾ ಹೈ ಅಂತ ಕೇಳ್ಲಿ?" ಎಂದರು.

೧೯೮೫ರ ಬೇಸಿಗೆಯಲ್ಲಿ ನಾನು ಜೀಪಿನಲ್ಲಿ ಹೋಗುತ್ತಿದ್ದಾಗ ರಸ್ತೆಗೆ ಅಡ್ಡವಾಗಿ ಕುರಿಮಂದೆ ಬಂತು. ಕುರಿಗಳ ಹಿಂದೆ ಕಂಬಳಿ ಹೊದ್ದ ಜುಂಜಣ್ಣ. ನನ್ನನ್ನು ಗುರುತು ಹಿಡಿದು ಬಳಿಗೆ ಬಂದ. ಮೊದಲು ಅವನ ಕಣ್ಣು ಹೋದದ್ದು ಗೇರ್ ಲಿವರಿನ ಮೇಲೆ.

"ಗೇರು ಚೆನ್ನಾಗ್ ಬೀಳ್ತದಾ ಸಾರ್?"

"ಬೀಳುತ್ತದೆ. ಇದರ ಬುಷ್ಷೂ ಖಲೀಲ್ ಸಾಬರದೇ" ಎಂದೆ. ಆಮೇಲೆ ತಡೆಯಲಾಗಲಿಲ್ಲ. "ಮಂಡಿ ಕಿವಿಗೆ ತಾಗುತ್ತಿತ್ತಲ್ಲಯ್ಯ, ಅದನ್ನು ಎಲ್ಲರೂ ನೋಡುತ್ತಿದ್ದರಲ್ಲ. ಒಂದು ಸಲ 'ನಾನಲ್ಲ' ಅಂದಿದ್ದರೆ ಸಾಕಾಗಿತ್ತು."

ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. "ನೀವೂ ಒಂದು ಸಲ 'ನನ್ ರಾಡು ಕಚ್ಕಂಡಿತ್ತು' ಅಂದಿದ್ರೆ ಸಾಕಾಗಿತ್ತು ಸಾರ್. ನೀವು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಹೋಗ್ಲಿ ಬುಡಿ. ಜೈಲ್‌ದು ನಂಗೇನೂ ಇಲ್ಲ. ಆದ್ರೆ ಗಾಡಿ ನ್ಯೂಟ್ರಲ್ ಬುಟ್ಟೋನು ಜುಂಜ ಅಂತ ಬರ್ದವ್ರಲ್ಲ, ಅದೊಂದು ಸುಳ್ಳು ಮಾತ್ರ ನಂಗೆ ತಡಿಯಾಕಾಗಲ್ಲ" ಎಂದ.

ಮತ್ತೆ ಅದೇ ದಿನ ಬಂದರೂ ಆ ಗೇರು ಕೆಟ್ಟಿತ್ತೆಂದು ನಾನು ಹೇಳಲಾರೆ. ಹೇಳಿದ್ದರೆ ಜುಂಜಣ್ಣನ ಬದಲು ಖಲೀಲ್ ಸಾಬರು ಮುಳುಗುತ್ತಿದ್ದರು, ನಾಗಭೂಷಣ ಆಗಲೂ ದಡದ ಮೇಲೆಯೇ ಇರುತ್ತಿದ್ದ. ನನ್ನ ಕಸುಬು ನನಗೆ ಕಲಿಸಿದ ಪಾಠ ಇದು: ಯಂತ್ರದಲ್ಲಿ ದೋಷವಿಲ್ಲ ಎಂದು ಸಾಬೀತು ಮಾಡಿದರೆ ಕೆಲಸ ಮುಗಿಯುವುದಿಲ್ಲ, ಆ ದೋಷವನ್ನು ಆಮೇಲೆ ಯಾರ ತಲೆಗೆ ಕಟ್ಟುತ್ತಾರೆ ಎಂದು ನೋಡಲೇಬೇಕು. ನಮ್ಮಲ್ಲಿ ಅದು ಮೇಲಿನಿಂದ ಕೆಳಗೆ ಇಳಿಯುತ್ತಾ ಬಂದು, ನಿಂತಲ್ಲೇ ನಿಂತವನ ಹೆಗಲ ಮೇಲೆ ಕೂರುತ್ತದೆ. ಅದಾದ ಮೇಲೆ ವಾಹನ ಪರೀಕ್ಷೆಗೆ ಯಾರು ಕರೆದರೂ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ, ಓಡಿಸುತ್ತಿದ್ದವರು ಯಾರು? ಬಹಳ ಮಂದಿ ನನ್ನನ್ನು ಮತ್ತೆ ಕರೆಯಲಿಲ್ಲ.

ಕುರಿಗಳೆಲ್ಲ ದಾಟಿದವು. ಜುಂಜಣ್ಣ ಕೋಲೆತ್ತಿ, "ಹೋಗ್ಬನ್ನಿ ಸಾರ್, ಮುಂದ್ಕೆ ಇಳಿಜಾರೈತೆ, ಗೇರಾಗೇ ಇಳ್ಸಿ" ಎಂದ.